ಸೇಡು ತೀರಿದ ಮೇಲೆ ಉಳಿಯುವುದೇನು? 'ದಿ ಒಡೆಸ್ಸಾ ಫೈಲ್' ಕಾದಂಬರಿಯ ತೌಲನಿಕ ಓದು

ಪೀಠಿಕೆ

ಪತ್ತೇದಾರಿ ಮತ್ತು ಗೂಢಚರ್ಯೆಯ ಕಾದಂಬರಿಗಳನ್ನು ಓದಿ ಬೆಳೆದವರು ಬಹಳ. ಅವನ್ನು ಕುರಿತು ತರಗತಿಯಲ್ಲಿ ಮಾತನಾಡುವವರು ವಿರಳ. ಕನ್ನಡದಲ್ಲಿ ಎನ್. ನರಸಿಂಹಯ್ಯನವರ ನೂರಾರು ಕಾದಂಬರಿಗಳೂ ಮರಾಠಿಯಲ್ಲಿ ಬಾಬುರಾವ್ ಅರ್ನಾಳಕರರ ರಹಸ್ಯಕಥೆಗಳೂ ದೊಡ್ಡದೊಂದು ಓದುಗವರ್ಗವನ್ನು ನಿರ್ಮಿಸಿದವು. ಗಡಿಭಾಗದ ಅನೇಕ ಮನೆಗಳಲ್ಲಿ ಇವೆರಡೂ ಒಂದೇ ಗೋಡೆಗೂಡಿನಲ್ಲಿ ಇರುತ್ತಿದ್ದವು. ಹಾಗಿದ್ದೂ 'ಜನಪ್ರಿಯ ಸಾಹಿತ್ಯ' ಎಂಬ ಹಣೆಪಟ್ಟಿಯನ್ನು ಅಂಟಿಸಿ ಈ ಪ್ರಕಾರವನ್ನು ಬದಿಗಿಡುವುದು ನಮ್ಮ ರೂಢಿ. ಅಂಥ ಒಂದು ಕೃತಿಯನ್ನು ನಮ್ಮ ಪಠ್ಯಗಳ ಪಕ್ಕದಲ್ಲಿಟ್ಟು ಓದಿದರೆ ಏನು ದೊರೆಯುತ್ತದೆ ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಮೊದಲು ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಪತ್ತೇದಾರಿ ಕಥೆಯ ಮೂಲಪ್ರಶ್ನೆ 'ಮಾಡಿದವರು ಯಾರು?' ಎಂಬುದು. ಗೂಢಚರ್ಯೆಯ ಕಥೆಯಲ್ಲಿ ಮಾಡಿದವನು ಯಾರೆಂಬುದು ಬಹುಮಟ್ಟಿಗೆ ಮೊದಲೇ ತಿಳಿದಿರುತ್ತದೆ. ಅಲ್ಲಿಯ ಪ್ರಶ್ನೆ 'ಯಾರಿಗೆ ಎಷ್ಟು ಗೊತ್ತು, ಯಾರು ಯಾರಿಂದ ಏನನ್ನು ಮರೆಮಾಡಿದ್ದಾರೆ?' ಎಂಬುದು. ಇದಕ್ಕೆ ಸೇಡು ಬೆರೆತಾಗ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ: 'ಇವನು ಇದನ್ನೆಲ್ಲ ಯಾತಕ್ಕಾಗಿ ಮಾಡುತ್ತಿದ್ದಾನೆ?'

ಕೃತಿ ಮತ್ತು ಕರ್ತೃ

ಫ್ರೆಡರಿಕ್ ಫೋರ್ಸೈತ್ (1938–2025) ಇಂಗ್ಲೆಂಡಿನವರು. ವಾಯುಪಡೆಯ ವಿಮಾನ ಚಾಲಕರಾಗಿದ್ದು ಅನಂತರ ಪತ್ರಕರ್ತರಾದರು. ರಾಯಿಟರ್ಸ್ ಸಂಸ್ಥೆಯ ವರದಿಗಾರರಾಗಿ ಪೂರ್ವ ಬರ್ಲಿನ್ನಿನಲ್ಲಿ ಕೆಲಸ ಮಾಡಿದ ಅನುಭವ ಅವರಿಗಿತ್ತು. 1971ರಲ್ಲಿ 'ದಿ ಡೇ ಆಫ್ ದಿ ಜ್ಯಾಕಲ್', ಅದರ ಮರುವರ್ಷವೇ 'ದಿ ಒಡೆಸ್ಸಾ ಫೈಲ್' ಪ್ರಕಟವಾದವು. ಇಲ್ಲಿ 'ಒಡೆಸ್ಸಾ' ಎಂಬುದು ಕಪ್ಪು ಸಮುದ್ರದ ದಂಡೆಯ ನಗರವಲ್ಲ. ನಾತ್ಸಿ ಆಡಳಿತದ ಎಸ್.ಎಸ್. ಪಡೆಯ ಮಾಜಿ ಸದಸ್ಯರ ಗುಪ್ತ ಸಂಘಟನೆಯನ್ನು ಸೂಚಿಸುವ ಜರ್ಮನ್ ಪದಗಳ ಮೊದಲಕ್ಷರಗಳಿಂದ ಆದ ಹೆಸರು ಅದು.

ಕಥೆಯ ಕಾಲ 1963–64ರ ಚಳಿಗಾಲ. ಅದರ ಹಿಂದಿನ ಚರಿತ್ರೆಯನ್ನು ಅರಿತರೆ ಓದು ಸುಗಮವಾಗುತ್ತದೆ. ಯೆಹೂದ್ಯರ ಹತ್ಯಾಕಾಂಡವನ್ನು ಸಂಘಟಿಸಿದವರಲ್ಲಿ ಒಬ್ಬನಾದ ಐಖ್‌ಮನ್‌ನನ್ನು 1960ರಲ್ಲಿ ಇಸ್ರೇಲಿನ ಗುಪ್ತಚರರು ಅರ್ಜೆಂಟೀನಾದಲ್ಲಿ ಹಿಡಿದರು. 1962ರಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. 1963ರ ಡಿಸೆಂಬರಿನಲ್ಲಿ ಫ್ರಾಂಕ್‌ಫರ್ಟ್ ನಗರದಲ್ಲಿ ಔಶ್‌ವಿಟ್ಸ್ ಶಿಬಿರದ ಸಿಬ್ಬಂದಿಯ ಮೇಲಣ ವಿಚಾರಣೆ ಆರಂಭವಾಯಿತು. ಅದೇ ಕಾಲದಲ್ಲಿ ಈಜಿಪ್ಟ್ ದೇಶವು ಜರ್ಮನ್ ವಿಜ್ಞಾನಿಗಳ ನೆರವಿನಿಂದ ಕ್ಷಿಪಣಿಗಳನ್ನು ತಯಾರಿಸುತ್ತಿತ್ತು. ಅದನ್ನು ತಡೆಯಲು ಇಸ್ರೇಲ್ ಗುಪ್ತವಾಗಿ ಹೆಣಗುತ್ತಿತ್ತು. ಇತ್ತ ಪಶ್ಚಿಮ ಜರ್ಮನಿಯ ಸಾಮಾನ್ಯ ಜನರಲ್ಲಿ ಹಳೆಯದನ್ನು ಕೆದಕುವುದೇಕೆ ಎಂಬ ಮೌನ ದಟ್ಟವಾಗಿತ್ತು. ಕಾದಂಬರಿಯ ನಿಜವಾದ ಪ್ರತಿಪಕ್ಷ ಈ ಮೌನವೇ.

ಕಥಾವಸ್ತು

ಹ್ಯಾಂಬರ್ಗಿನ ಇಪ್ಪತ್ತೊಂಬತ್ತರ ಹರೆಯದ ಪತ್ರಕರ್ತ ಪೀಟರ್ ಮಿಲ್ಲರ್. 1963ರ ನವೆಂಬರ್ 22ರ ರಾತ್ರಿ, ಅಮೆರಿಕದ ಅಧ್ಯಕ್ಷ ಕೆನಡಿಯವರ ಹತ್ಯೆಯ ಸುದ್ದಿಯನ್ನು ಕಾರಿನ ರೇಡಿಯೋದಲ್ಲಿ ಕೇಳಿ ಅವನು ರಸ್ತೆಬದಿಯಲ್ಲಿ ನಿಲ್ಲುತ್ತಾನೆ. ಆಗ ಹಾದುಹೋದ ಆಂಬುಲೆನ್ಸ್ ಒಂದನ್ನು ಹಿಂಬಾಲಿಸಿದಾಗ ಕಾಣುವುದು ಒಬ್ಬ ಬಡ ಯೆಹೂದಿ ಮುದುಕನ ಆತ್ಮಹತ್ಯೆ. ಮುದುಕನ ಹೆಸರು ಸಾಲೊಮನ್ ಟೌಬರ್. ಅವನು ಬಿಟ್ಟುಹೋದ ದಿನಚರಿ ಪೊಲೀಸ್ ಮಿತ್ರನೊಬ್ಬನ ಮೂಲಕ ಮಿಲ್ಲರನ ಕೈಸೇರುತ್ತದೆ.

ಲಾಟ್ವಿಯಾದ ರಿಗಾ ನಗರದಲ್ಲಿ ಯೆಹೂದ್ಯರನ್ನು ಕೂಡಿಹಾಕಿದ್ದ ಕೇರಿಯ ನರಕವನ್ನು ಆ ದಿನಚರಿ ನಿರೂಪಿಸುತ್ತದೆ. ಅಲ್ಲಿಯ ಅಧಿಕಾರಿ ಎಡುವರ್ಡ್ ರೋಶ್‌ಮನ್. ಅವನು ಇನ್ನೂ ಬದುಕಿದ್ದಾನೆ, ಹ್ಯಾಂಬರ್ಗಿನಲ್ಲಿ ನಿರ್ಭಯವಾಗಿ ಓಡಾಡುತ್ತಿದ್ದಾನೆ ಎಂಬುದನ್ನು ಕಂಡು ಟೌಬರ್ ಹತಾಶನಾಗಿದ್ದ. ಮಿಲ್ಲರ್ ಶೋಧನೆಗೆ ಹೊರಡುತ್ತಾನೆ. ಕಚೇರಿಗಳು ಬಾಗಿಲು ಮುಚ್ಚುತ್ತವೆ. ವಿಯೆನ್ನಾದಲ್ಲಿ ಸೈಮನ್ ವೀಸೆಂಥಾಲ್ ಅವನಿಗೆ ದಾರಿ ತೋರುತ್ತಾರೆ. ಬದುಕುಳಿದ ಯೆಹೂದ್ಯರ ಒಂದು ಗುಂಪು ಅವನಿಗೆ ಹುಸಿ ಹೆಸರನ್ನೂ ಎಸ್.ಎಸ್. ಪಡೆಯವನ ಪೂರ್ವವೃತ್ತಾಂತವನ್ನೂ ಕೊಟ್ಟು ಸಂಘಟನೆಯ ಒಳಗೆ ಕಳಿಸುತ್ತದೆ. ಮಿಲ್ಲರ್ ಜಾಣನಾದರೂ ತನ್ನ ಜಾಗ್ವಾರ್ ಕಾರಿನ ಮೋಹವನ್ನು ಬಿಡಲಾರ. ಆ ಮೋಹವೇ ಅವನ ಗುಟ್ಟನ್ನು ಬಯಲುಮಾಡುತ್ತದೆ. ಕೊನೆಗೆ ಅವನು ರೋಶ್‌ಮನ್‌ನ ಎದುರು ನಿಲ್ಲುತ್ತಾನೆ.

ಕಥನತಂತ್ರ: ಕಣ್ಣೆದುರಿಗೇ ಇಟ್ಟ ಗುಟ್ಟು

ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕಾದ ಭಾಗ ಇದು. ಟೌಬರನ ದಿನಚರಿಯಲ್ಲಿ ನೂರು ಕ್ರೌರ್ಯಗಳ ನಡುವೆ ಒಂದು ಸಣ್ಣ ಪ್ರಸಂಗವಿದೆ. 1944ರಲ್ಲಿ ಜರ್ಮನ್ ಸೇನೆ ಹಿಮ್ಮೆಟ್ಟುತ್ತಿರುವಾಗ, ಗಾಯಾಳು ಸೈನಿಕರಿಗೆಂದು ನಿಂತ ಹಡಗನ್ನು ರೋಶ್‌ಮನ್ ತನ್ನವರಿಗಾಗಿ ಕಸಿಯಲು ಬರುತ್ತಾನೆ. ಅಡ್ಡಬಂದ ಜರ್ಮನ್ ಸೇನೆಯ ಕ್ಯಾಪ್ಟನ್ ಒಬ್ಬನನ್ನು ಗುಂಡಿಟ್ಟು ಕೊಲ್ಲುತ್ತಾನೆ. ಓದುಗ ಇದನ್ನು ಆರಂಭದಲ್ಲಿಯೇ ಓದಿ ಮುಂದೆ ಸಾಗುತ್ತಾನೆ. ಮಿಲ್ಲರನೂ ಓದುತ್ತಾನೆ, ಆದರೆ ಏನನ್ನೂ ಹೇಳುವುದಿಲ್ಲ. ಏಕೆ ಈ ಹಟ ಎಂದು ತಾಯಿ, ಪ್ರೇಯಸಿ, ಸಂಪಾದಕ ಎಲ್ಲರೂ ಬೆರಗಾಗುತ್ತಾರೆ. ಕೊನೆಯ ಮುಖಾಮುಖಿಯಲ್ಲಿ ರೋಶ್‌ಮನ್ ತನ್ನ ಕೃತ್ಯಗಳನ್ನು ಸಮರ್ಥಿಸಿಕೊಂಡು ಉಪನ್ಯಾಸ ಮಾಡುವಾಗ ಮಿಲ್ಲರ್ ಆ ಪುಟವನ್ನೇ ಮುಂದಿಡುತ್ತಾನೆ. ಸತ್ತ ಆ ಕ್ಯಾಪ್ಟನ್ ಅವನ ತಂದೆ.

ಲೇಖಕ ಇಲ್ಲಿ ಸುಳ್ಳು ಹೇಳಿಲ್ಲ, ಸಾಕ್ಷ್ಯವನ್ನು ಬಚ್ಚಿಟ್ಟಿಲ್ಲ. ಸಾವಿರಾರು ಸಾವುಗಳ ನಡುವೆ ಒಂದನ್ನು ಇಟ್ಟಿದ್ದಾನೆ, ಅಷ್ಟೆ. ಕೊನೆಯಲ್ಲಿ ಓದುಗನನ್ನು ಕಾಡುವ ಪ್ರಶ್ನೆಯೂ ಅದರಿಂದಲೇ ಹುಟ್ಟುತ್ತದೆ. ಮಿಲ್ಲರನನ್ನು ಕದಲಿಸಿದ್ದು ರಿಗಾದ ಸಾವಿರಾರು ಸಾವುಗಳೋ, ತನ್ನ ತಂದೆಯ ಒಂದು ಸಾವೋ? ಎರಡನೆಯದು ಎಂದಾದರೆ ಅವನ ಸಾಹಸದ ಬೆಲೆ ಕಡಿಮೆಯಾಗುತ್ತದೆಯೇ? ನನ್ನ ಅಭಿಪ್ರಾಯದಲ್ಲಿ ಕಡಿಮೆಯಾಗುವುದು ಮಿಲ್ಲರನ ಬೆಲೆಯಲ್ಲ. ಸಾವಿರಾರು ಜನರ ಕೊಲೆಗಾರನನ್ನು ಹಿಡಿಯಲು ರಾಜ್ಯವ್ಯವಸ್ಥೆ ಕದಲಲಿಲ್ಲ, ಒಬ್ಬ ಮಗನ ಖಾಸಗಿ ನೋವು ಆಕಸ್ಮಿಕವಾಗಿ ಬೇಕಾಯಿತು ಎಂಬುದು ಆ ವ್ಯವಸ್ಥೆಯ ಮೇಲಿನ ಅತ್ಯಂತ ಕಟುವಾದ ಟೀಕೆ.

ಇತಿಹಾಸ ಮತ್ತು ಕಲ್ಪನೆ

ರೋಶ್‌ಮನ್ ನಿಜವಾಗಿ ಬದುಕಿದ್ದ ವ್ಯಕ್ತಿ. 1943ರಿಂದ ರಿಗಾ ಕೇರಿಯ ಅಧಿಕಾರಿಯಾಗಿದ್ದ. ವೀಸೆಂಥಾಲ್ ಕೂಡ ನಿಜವಾದವರು. ಆದರೆ ಕ್ಯಾಪ್ಟನ್ನನ ಕೊಲೆ ಕಾದಂಬರಿಕಾರನ ಸೃಷ್ಟಿ. ಕಾದಂಬರಿಯ ರೋಶ್‌ಮನ್ ಜರ್ಮನಿಯಲ್ಲಿ ಕಾರ್ಖಾನೆ ನಡೆಸುತ್ತ ಈಜಿಪ್ಟಿನ ಕ್ಷಿಪಣಿಗಳಿಗೆ ನಿಯಂತ್ರಣ ಸಾಧನಗಳನ್ನು ಸಿದ್ಧಪಡಿಸುತ್ತಾನೆ. ನಿಜದ ರೋಶ್‌ಮನ್ 1948ರಲ್ಲಿಯೇ ಅರ್ಜೆಂಟೀನಾಕ್ಕೆ ಪರಾರಿಯಾಗಿದ್ದ. ನಾತ್ಸಿಗಳು ತಪ್ಪಿಸಿಕೊಳ್ಳಲು ಗುಪ್ತಮಾರ್ಗಗಳಿದ್ದವು ಎಂಬುದನ್ನು ಇತಿಹಾಸಕಾರರು ಒಪ್ಪುತ್ತಾರೆ. ಕಾದಂಬರಿಯಲ್ಲಿರುವಂಥ ಸರ್ವಶಕ್ತವಾದ ಏಕೈಕ ಸಂಘಟನೆ ಇತ್ತೆಂಬುದನ್ನು ಸಂಶಯಿಸುತ್ತಾರೆ. ವರದಿಯ ಧಾಟಿಯಲ್ಲಿ ಬರೆದ ಕಾದಂಬರಿಯನ್ನು ವರದಿಯೆಂದೇ ನಂಬಬಾರದು ಎಂಬುದು ಇಲ್ಲಿಯ ಪಾಠ.

ಆದರೂ ಕೃತಿ ಮರೆತುಹೋದ ಹೆಸರೊಂದನ್ನು ಮತ್ತೆ ಜನರ ಬಾಯಿಗೆ ತಂದಿತು. 1974ರಲ್ಲಿ ಇದು ಚಲನಚಿತ್ರವಾಯಿತು. 1977ರಲ್ಲಿ ಪಶ್ಚಿಮ ಜರ್ಮನಿಯ ಕೋರಿಕೆಯಂತೆ ಹಸ್ತಾಂತರದ ಮಾತು ಬಂದಾಗ ರೋಶ್‌ಮನ್ ಅರ್ಜೆಂಟೀನಾದಿಂದ ಪರಾಗ್ವೆಗೆ ಓಡಿದ. ಆ ಆಗಸ್ಟ್ ತಿಂಗಳಿನಲ್ಲಿ ಅಲ್ಲಿಯೇ ಸತ್ತ. ನ್ಯಾಯಾಲಯದ ಕಟಕಟೆಯನ್ನು ಅವನು ಏರಲೇ ಇಲ್ಲ.

ನಮ್ಮ ಪರಂಪರೆಯ ಎರಡು ಕೃತಿಗಳು

ಸೇಡು ಮತ್ತು ಗೂಢಚರ್ಯೆ ನಮಗೆ ಹೊಸ ವಸ್ತುಗಳಲ್ಲ. ಕೌಟಿಲ್ಯನ 'ಅರ್ಥಶಾಸ್ತ್ರ' ಸನ್ಯಾಸಿ, ವ್ಯಾಪಾರಿ, ಭಿಕ್ಷುಕಿ ಮೊದಲಾದ ವೇಷಗಳ ಗೂಢಪುರುಷರನ್ನು ವರ್ಗೀಕರಿಸಿದೆ. ಆ ಗ್ರಂಥ ಬೆಳಕಿಗೆ ಬಂದು 1909ರಲ್ಲಿ ಅಚ್ಚಾದದ್ದು ಮೈಸೂರಿನಲ್ಲಿ, ಆರ್. ಶಾಮಶಾಸ್ತ್ರಿಗಳಿಂದ. ವಿಶಾಖದತ್ತನ 'ಮುದ್ರಾರಾಕ್ಷಸ' ನಾಟಕದ ಕಥೆಯನ್ನು ಕೆಂಪುನಾರಾಯಣನು 1823ರಲ್ಲಿ 'ಮುದ್ರಾಮಂಜೂಷ'ವೆಂಬ ಗದ್ಯಕೃತಿಯಾಗಿ ಕನ್ನಡಕ್ಕೆ ತಂದನು. ಟೌಬರನ ದಿನಚರಿ ಒಡೆಸ್ಸಾದ ಕಥೆಯನ್ನು ನಡೆಸುವಂತೆ, ಇಲ್ಲಿ ಚರನೊಬ್ಬನ ಕೈಗೆ ಸಿಕ್ಕ ರಾಕ್ಷಸನ ಮುದ್ರೆಯುಂಗುರ, ಅದರಿಂದ ಮುದ್ರೆಯೊತ್ತಿದ ಕೃತಕ ಪತ್ರ ಕಥೆಯನ್ನು ನಡೆಸುತ್ತವೆ. ಆದರೆ ಗುರಿ ಬೇರೆ. ನಂದವಂಶವನ್ನು ನಿರ್ಮೂಲ ಮಾಡಿ ಚಾಣಕ್ಯನ ಸೇಡು ಆಗಲೇ ತೀರಿದೆ. ಉಳಿದ ತಂತ್ರವೆಲ್ಲ ಶತ್ರುವಿನ ಸ್ವಾಮಿನಿಷ್ಠ ಮಂತ್ರಿಯನ್ನು ಕೊಲ್ಲದೆ ಗೆದ್ದು, ಚಂದ್ರಗುಪ್ತನ ಮಂತ್ರಿಯನ್ನಾಗಿ ಮಾಡುವುದಕ್ಕೆ.

ರನ್ನನ 'ಗದಾಯುದ್ಧ'ದಲ್ಲಿ ಸೇಡು ಗುಟ್ಟಾಗಿಲ್ಲ. ಭೀಮನ ಪ್ರತಿಜ್ಞೆ ಲೋಕಕ್ಕೇ ಗೊತ್ತು. ಕೊನೆ ಏನೆಂಬುದೂ ಗೊತ್ತು. ಕುತೂಹಲಕ್ಕೆ ಅಲ್ಲಿ ಎಡೆಯೇ ಇಲ್ಲ. ಸಿಂಹಾವಲೋಕನ ಕ್ರಮದಿಂದ ಇಡೀ ಭಾರತವನ್ನು ಹಿಂದಿರುಗಿ ನೋಡಿಸಿದ ಕವಿ, ಸತ್ತ ಬಂಧುಮಿತ್ರರ ನಡುವೆ ನಡೆದುಹೋಗುವ ದುರ್ಯೋಧನನ ಕಡೆಗೆ ನಮ್ಮ ಮನಸ್ಸನ್ನು ತಿರುಗಿಸುತ್ತಾನೆ. ಭೀಮನ ಸೇಡು ತೀರುತ್ತದೆ. ಓದುಗನ ಎದೆಯಲ್ಲಿ ಉಳಿಯುವುದು ದುರ್ಯೋಧನನ ಛಲ.

ಈ 'ಛಲ' ಎಂಬ ಮಾತನ್ನು ಎರಡು ಭಾಷೆಗಳ ನಡುವೆ ಬದುಕುವ ನಮ್ಮ ವಿದ್ಯಾರ್ಥಿಗಳು ನಿಂತು ನೋಡಬೇಕು. ಸಂಸ್ಕೃತದಲ್ಲಿ ಅದು ಕಪಟ. ಮರಾಠಿಯ 'ಛಳ' ಪೀಡನೆ, ಕಿರುಕುಳ. ಕನ್ನಡದಲ್ಲಿ ಹಿಡಿದದ್ದನ್ನು ಬಿಡದ ನಿಶ್ಚಯ. 'ಮುಯ್ಯಿ' ಎಂಬುದೂ ಅಂಥದೇ ಪದ. ನಮ್ಮ ಭಾಗದಲ್ಲಿ ಮರಾಠಿಯಂತೆ 'ಆಹೇರ' ಎನ್ನುವ ಮದುವೆಯ ಉಡುಗೊರೆಗೆ ಕನ್ನಡದಲ್ಲಿ ಮುಯ್ಯಿ ಎಂದು ಹೆಸರು. ಹಗೆ ತೀರಿಸುವುದಕ್ಕೂ ಅದೇ ಹೆಸರು. ಪಡೆದದ್ದನ್ನು ಹಿಂದಿರುಗಿಸಲೇಬೇಕಾದ ಋಣವೆಂದೇ ಭಾಷೆ ಎರಡನ್ನೂ ಕಂಡಿದೆ.

ಉಪಸಂಹಾರ

ಋಣದ ಈ ಕಲ್ಪನೆಯಿಂದ ಒಡೆಸ್ಸಾದ ಮುಕ್ತಾಯವನ್ನು ನೋಡೋಣ. ಚಲನಚಿತ್ರದಲ್ಲಿ ಮಿಲ್ಲರ್ ರೋಶ್‌ಮನ್‌ನನ್ನು ಗುಂಡಿಟ್ಟು ಕೊಲ್ಲುತ್ತಾನೆ. ಲೆಕ್ಕ ಚುಕ್ತಾ ಆಗುತ್ತದೆ. ಕಾದಂಬರಿಯಲ್ಲಿ ರೋಶ್‌ಮನ್ ತಪ್ಪಿಸಿಕೊಳ್ಳುತ್ತಾನೆ, ಸೇಡು ತೀರುವುದಿಲ್ಲ. ಆದರೆ ಟೌಬರ್ ತನ್ನ ದಿನಚರಿಯಲ್ಲಿ ಸೇಡನ್ನು ಬೇಡಿರಲೇ ಇಲ್ಲ. ತಪ್ಪು ಮಾಡಿದವರು ವ್ಯಕ್ತಿಗಳು, ಇಡೀ ಜನಾಂಗವಲ್ಲ ಎಂದು ಅವನು ತಿಳಿದಿದ್ದ. ಅವನು ಬೇಡಿದ್ದು, ತನ್ನ ಜನರ ನಾಡಿನಲ್ಲಿ ಯಾರಾದರೂ ತನ್ನ ಹೆಸರಿನಲ್ಲಿ ಮೃತರಿಗಾಗಿ ಮಾಡುವ ಪ್ರಾರ್ಥನೆ ಸಲ್ಲಿಸಲಿ ಎಂದು ಮಾತ್ರ. ಕಾದಂಬರಿ ಮುಗಿಯುವುದು ಆ ಕೋರಿಕೆ ಈಡೇರುವುದರೊಂದಿಗೆ. ಮಗ ತೀರಿಸಲು ಹೊರಟ ಮುಯ್ಯಿ ಬಾಕಿ ಉಳಿಯಿತು. ನೆನಪಿನ ಋಣ ಸಂದಿತು.

ಮೂರೂ ಕೃತಿಗಳಲ್ಲಿ ಸೇಡು ಕಥೆಯನ್ನು ಓಡಿಸುವ ಗಾಲಿ. ಕೃತಿಯ ತೂಕವನ್ನು ನಿರ್ಧರಿಸುವುದು ಗಾಲಿ ನಿಂತ ಮೇಲೆ ಉಳಿಯುವ ವಸ್ತು: ಚಾಣಕ್ಯನಿಗೆ ಗೆದ್ದುಕೊಂಡ ವಿರೋಧಿ, ರನ್ನನಿಗೆ ಸೋತವನ ಘನತೆ, ಫೋರ್ಸೈತರಿಗೆ ಸತ್ತವರ ಸ್ಮರಣೆ. ಇವುಗಳನ್ನು ಸರಿಸಮ ಎಂದು ಹೇಳುವುದು ನನ್ನ ಉದ್ದೇಶವಲ್ಲ. ಫೋರ್ಸೈತರ ಪಾತ್ರಗಳಿಗೆ ಅಂತರಂಗ ತೀರ ಕಡಿಮೆ, ಹೆಂಗಸರಂತೂ ನೆರಳುಗಳಂತೆ ಬಂದುಹೋಗುತ್ತಾರೆ. ಆದರೆ ಒಂದು ಜನಪ್ರಿಯ ಕಾದಂಬರಿಯನ್ನು ಅಳೆಯಲು ನಮ್ಮ ಪಠ್ಯಗಳೇ ಅಳತೆಗೋಲುಗಳಾಗಬಲ್ಲವು ಎಂಬುದನ್ನು ವಿದ್ಯಾರ್ಥಿಗಳು ಮನಗಾಣಬೇಕು.

ಅಭ್ಯಾಸಕ್ಕಾಗಿ

1. ಪತ್ತೇದಾರಿ ಕಥೆಗೂ ಗೂಢಚರ್ಯೆಯ ಕಥೆಗೂ ಇರುವ ಭೇದವನ್ನು ನೀವು ಓದಿದ ಒಂದೊಂದು ಕೃತಿಯ ಆಧಾರದಿಂದ ವಿವರಿಸಿರಿ.
2. ಮುದ್ರೆಯುಂಗುರ ಮತ್ತು ದಿನಚರಿ ಕಥೆಯನ್ನು ನಡೆಸುವ ಬಗೆಯನ್ನು ಹೋಲಿಸಿರಿ.
3. 'ಗದಾಯುದ್ಧ'ದಲ್ಲಿ ಕೊನೆ ಮೊದಲೇ ತಿಳಿದಿದ್ದರೂ ಆಸಕ್ತಿ ಉಳಿಯುವುದು ಹೇಗೆ?
4. ಮಿಲ್ಲರನ ಉದ್ದೇಶ ಖಾಸಗಿ ಎಂದು ತಿಳಿದ ಮೇಲೆ ಅವನ ಬಗೆಗಿನ ನಿಮ್ಮ ಅಭಿಪ್ರಾಯ ಬದಲಾಯಿತೇ? ಕಾರಣ ಕೊಡಿರಿ.