ಎರಡು ಗಾಜುಗಳ ನಡುವೆ ಸೇರಿದ ನೀರು

ಬ್ರಿಟನ್ನಿನ ಬಹುಪಾಲು ಮನೆಗಳ ಕಿಟಕಿಗಳಲ್ಲಿ ಇಂದು ಒಂದರ ಬದಲು ಎರಡು ಗಾಜುಗಳಿರುತ್ತವೆ. ನಡುವೆ 12ರಿಂದ 20 ಮಿಲಿಮೀಟರ್ ಅಂತರವಿಟ್ಟು, ನಾಲ್ಕೂ ಅಂಚುಗಳನ್ನು ಗಾಳಿ ನುಸುಳದಂತೆ ಮುಚ್ಚಿ, ಕಾರ್ಖಾನೆಯಲ್ಲಿಯೇ ಒಂದು ಘಟಕವಾಗಿ ಸಿದ್ಧಪಡಿಸುವ ಈ ಜೋಡಿಗಾಜಿಗೆ ಸೀಲ್ಡ್ ಯುನಿಟ್ ಎಂದೂ, ಅದನ್ನು ಕೂರಿಸುವ ಒಟ್ಟು ವ್ಯವಸ್ಥೆಗೆ ಡಬಲ್ ಗ್ಲೇಜಿಂಗ್ ಎಂದೂ ಹೆಸರು. ಅಲುಗಾಡದೆ ನಿಂತ ಗಾಳಿ ಶಾಖವನ್ನು ಬಹಳ ನಿಧಾನವಾಗಿ ಸಾಗಿಸುತ್ತದೆ ಎಂಬ ತತ್ತ್ವವೇ ಇದರ ಆಧಾರ, ಅಮೆರಿಕದ ಟಿ. ಡಿ. ಸ್ಟೆಟ್ಸನ್ 1865ರಲ್ಲಿಯೇ ಇಂಥ ಜೋಡಿಗೆ ಪೇಟೆಂಟ್ ಪಡೆದಿದ್ದರೂ ಅದು ಸಾಮಾನ್ಯರ ಮನೆಯನ್ನು ತಲುಪಲು ಸುಮಾರು ಒಂದು ಶತಮಾನ ಹಿಡಿಯಿತು. ಕಿಟಕಿಯನ್ನು ಗಾಳಿಗಾಗಿ ತೆರೆದಿಟ್ಟೇ ಬೆಳೆದ ಕರ್ನಾಟಕದವರಿಗೆ, ಚಳಿ ನಾಡಿನಲ್ಲಿ ಅದರ ಮೊದಲ ಕೆಲಸ ಒಳಗಿನ ಬಿಸಿಯನ್ನು ಹಿಡಿದಿಡುವುದು ಎಂಬ ಅರಿವು ಬರುವುದು ಸಾಮಾನ್ಯವಾಗಿ ಮೊದಲ ಚಳಿಗಾಲದ ಗ್ಯಾಸ್ ಬಿಲ್ಲು ಕೈಸೇರಿದಾಗ. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿರುವಾಗ ಒಂದು ಚದರ ಮೀಟರ್ ಗಾಜಿನ ಮೂಲಕ ಎಷ್ಟು ವಾಟ್ ಶಾಖ ಹೊರಬೀಳುತ್ತದೆ ಎಂಬ ಲೆಕ್ಕಕ್ಕೆ ಯು-ಮೌಲ್ಯ ಎನ್ನುತ್ತಾರೆ. ಒಂಟಿಗಾಜಿಗೆ ಅದು 5.7ರ ಆಸುಪಾಸು, ಬರಿಯ ಗಾಳಿ ತುಂಬಿದ ಹಳೆಯ ಜೋಡಿಗೆ 2.8ರಷ್ಟು, ಆರ್ಗಾನ್ ಅನಿಲ ತುಂಬಿ ಒಳಮೈಗೆ ಕಣ್ಣಿಗೆ ಕಾಣದಷ್ಟು ತೆಳುವಾದ ಲೋಹದ ಲೇಪ ಕೊಟ್ಟ ಇಂದಿನ ಜೋಡಿಗೆ ಸುಮಾರು 1.2.

ಈ ಜೋಡಿ ಕೆಟ್ಟಿತೆಂಬುದರ ಗುರುತು ಮಂಜು. ಆದರೆ ಕಿಟಕಿಯ ಮೇಲೆ ಕಂಡ ಮಂಜೆಲ್ಲ ಕೆಡುಕಿನದಲ್ಲ. ಕೋಣೆಯ ಕಡೆಯ ಮೈಯನ್ನು ಬೆರಳಿನಿಂದ ಒರೆಸಿದಾಗ ಹೋಗುವ ಹನಿ ಮನೆಯೊಳಗಿನ ತೇವದಿಂದ ಬಂದದ್ದು. ಕುಕ್ಕರಿನ ಆವಿ, ಮಳೆಗಾಲವೇ ಮುಗಿಯದಂಥ ಊರಿನಲ್ಲಿ ಒಳಗೇ ಹರವಿದ ಬಟ್ಟೆ, ಮುಚ್ಚಿದ ಕೋಣೆಯಲ್ಲಿ ಮಲಗಿದವರ ಉಸಿರು, ಎಲ್ಲವೂ ತಣ್ಣನೆಯ ಗಾಜನ್ನು ಹುಡುಕಿಕೊಂಡು ಹೋಗಿ ಕೂರುತ್ತವೆ. ಅದಕ್ಕೆ ಬೇಕಾದದ್ದು ಗಾಳಿಯಾಟವೇ ಹೊರತು ಹೊಸ ಗಾಜಲ್ಲ. ಹೊರಗಿನ ಮೈಯಲ್ಲಿ, ಮೋಡವಿಲ್ಲದ ರಾತ್ರಿ ಕಳೆದ ಬೆಳಿಗ್ಗೆ ಕಾಣುವ ಇಬ್ಬನಿಯಂತೂ ಶುಭಸೂಚನೆ: ಒಳಗಿನ ಬಿಸಿ ಹೊರಗಾಜನ್ನು ತಲುಪುತ್ತಿಲ್ಲವಾದ್ದರಿಂದ ಆ ಗಾಜು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗಿದೆ ಎಂದೇ ಅದರ ಅರ್ಥ. ಒಳಗಿನಿಂದಲೂ ಹೊರಗಿನಿಂದಲೂ ಒರೆಸಿದರೂ ಹೋಗದೆ ನಡುವೆ ಉಳಿಯುವ ಮಂಜೊಂದೇ ಯುನಿಟ್ ಸೋತಿದೆ ಎಂದು ಹೇಳಬಲ್ಲದು. ಮೊದಮೊದಲು ಅದು ಬೆಳಿಗ್ಗೆ ಬಂದು ಮಧ್ಯಾಹ್ನದ ಬಿಸಿಲಿಗೆ ಮಾಯವಾಗುತ್ತದೆ. ಕೆಲವು ಚಳಿಗಾಲಗಳು ಉರುಳಿದ ಮೇಲೆ ನಿಂತುಬಿಡುತ್ತದೆ. ಕೊನೆಗೆ ನೀರು ಗಾಜಿನೊಳಗಿನ ಕ್ಷಾರವನ್ನು ಎಳೆದುಕೊಂಡು ಸುಣ್ಣದ ನೀರು ಒಣಗಿದಂಥ ಬಿಳಿಕಲೆ ಬಿಡುತ್ತದೆ, ಆ ಕಲೆ ಗಾಜಿನ ಮೈಯನ್ನೇ ತಿಂದಿರುವುದರಿಂದ ಮತ್ತೆ ಹೋಗುವುದಿಲ್ಲ.

ಯುನಿಟ್ ಏಕೆ ಸೋಲುತ್ತದೆ ಎಂದು ತಿಳಿಯಲು ಅದರ ಅಂಚನ್ನು ನೋಡಬೇಕು. ಎರಡು ಗಾಜುಗಳನ್ನು ದೂರವಿಡುವ ಟೊಳ್ಳು ಪಟ್ಟಿಗೆ ಸ್ಪೇಸರ್ ಎಂದು ಹೆಸರು. ಹಿಂದೆ ಅದು ಅಲ್ಯೂಮಿನಿಯಮ್ಮಿನದಾಗಿರುತ್ತಿತ್ತು, ಈಗ ಶಾಖವನ್ನು ಕಡಿಮೆ ಸಾಗಿಸುವ ಪ್ಲಾಸ್ಟಿಕ್ ಜಾತಿಯ ಪಟ್ಟಿಗಳೂ ಬಂದಿವೆ. ಪಟ್ಟಿಯ ಹೊಟ್ಟೆಯಲ್ಲಿ ತೇವ ಹೀರುವ ಸಣ್ಣ ಹರಳುಗಳನ್ನು ತುಂಬಿರುತ್ತಾರೆ. ಔಷಧದ ಡಬ್ಬಿಯಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣದ ಕೆಲಸವೇ ಅವುಗಳದೂ. ಪಟ್ಟಿ ಮತ್ತು ಗಾಜಿನ ನಡುವೆ ಬ್ಯುಟೈಲ್ ರಬ್ಬರಿನ ಮೊದಲ ಅಂಟು, ಅದರ ಹೊರಗೆ ಇಡೀ ಜೋಡಿಯನ್ನು ಬಿಗಿಹಿಡಿಯುವ ಪಾಲಿಸಲ್ಫೈಡ್‌ನಂಥ ಎರಡನೆಯ ಅಂಟು. ಬಿಸಿಲಿಗೆ ಒಳಗಿನ ಅನಿಲ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ, ದಿನವೂ ಈ ಅಂಚು ಎದೆಯಂತೆ ಏರಿಳಿಯುತ್ತದೆ, ಪ್ರತಿಸಲವೂ ಅಣುಪ್ರಮಾಣದ ತೇವ ಒಳಸೇರುತ್ತದೆ. ಹರಳುಗಳು ತುಂಬಿ ತುಳುಕುವವರೆಗೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ಯುನಿಟ್ಟಿಗೆ ಒಂದು ಆಯುಸ್ಸು ಇರುವುದು ಸಹಜ, ಎರಡು ದಶಕ ಬಾಳಿ ಮಸುಕಾದ ಗಾಜಿನ ಬಗ್ಗೆ ದೂರಲು ಕಾರಣವಿಲ್ಲ. ಆದರೆ ಅಂಚಿನ ಅಂಟು ದಿನಗಟ್ಟಲೆ ನಿಂತ ನೀರಿನಲ್ಲಿ ನೆನೆದರೆ ಆ ಆಯುಸ್ಸು ಕೆಲವೇ ವರ್ಷಗಳಿಗೆ ಇಳಿಯುತ್ತದೆ.

ಯಾರ್ಕ್‌ಶೈರ್‌ನಲ್ಲಿರುವ ಪ್ರಸ್ತುತ ಲೇಖಕನ ಮನೆಯಲ್ಲಿ ನಡೆದದ್ದು ಇದೇ. ಮನೆ 1930ರ ದಶಕದ್ದು. ಅದರ ಯುಪಿವಿಸಿ ಕಿಟಕಿಗಳನ್ನು, ಅಂದರೆ ಗಡುಸು ಪ್ಲಾಸ್ಟಿಕ್ಕಿನ ಚೌಕಟ್ಟಿನವುಗಳನ್ನು, ಹಿಂದಿನ ಮಾಲೀಕರು 1990ರ ದಶಕದ ಕೊನೆಯಲ್ಲಿ ಹಾಕಿಸಿದ್ದರು. ಪಶ್ಚಿಮಕ್ಕೆ ಮುಖಮಾಡಿದ, ಮಳೆಯ ಹೊಡೆತವೆಲ್ಲ ಬೀಳುವ ಎರಡು ಯುನಿಟ್‌ಗಳು ಮಸುಕಾದಾಗ ಕೆಲಸಗಾರರೊಬ್ಬರನ್ನು ಕರೆಸಿ ಬದಲಾಯಿಸಲಾಯಿತು. ಕೆಲಸ ಅರ್ಧ ದಿನದಲ್ಲಿ ಮುಗಿಯಿತು, ಗಾಜು ಹೊಳೆಯುತ್ತಿತ್ತು, ಹಣ ಕೊಟ್ಟು ಎಲ್ಲರೂ ಮರೆತರು. ನಾಲ್ಕನೆಯ ಚಳಿಗಾಲಕ್ಕೆ ಅವೆರಡೂ ಮತ್ತೆ ಮಸುಕಾದವು. ಅದೇ ಗೋಡೆಯಲ್ಲಿದ್ದ, ಒಮ್ಮೆಯೂ ಮುಟ್ಟದ ಇಪ್ಪತ್ತು ವರ್ಷದ ಹಳೆಯ ಯುನಿಟ್ ಮಾತ್ರ ತಿಳಿಯಾಗಿಯೇ ಇತ್ತು. ಗಾಜಿನ ಗುಣಮಟ್ಟವನ್ನು ಶಂಕಿಸುವುದು ಸುಲಭವಾಗಿತ್ತು, ಮನೆಯವರು ಮೊದಲು ಶಂಕಿಸಿದ್ದೂ ಅದನ್ನೇ. ಗಾಜನ್ನು ಚೌಕಟ್ಟಿನಲ್ಲಿ ಹಿಡಿದಿಡುವ ಒಳಗಿನ ಪಟ್ಟಿಗಳನ್ನು ಬಿಚ್ಚಿ ಯುನಿಟ್ಟನ್ನು ಎತ್ತಿದಾಗ ಚೌಕಟ್ಟಿನ ತಳದಲ್ಲಿ ಬೆರಳು ಮುಳುಗುವಷ್ಟು ಕಪ್ಪುನೀರು ನಿಂತಿತ್ತು.

ಈ ನೀರಿನ ಕಥೆಯೇ ಇಡೀ ಅನುಭವದ ತಿರುಳಾದ್ದರಿಂದ ಇಲ್ಲಿ ಸ್ವಲ್ಪ ವಿವರ ಅಗತ್ಯ. ಇಂಥ ಕಿಟಕಿ ಮಳೆನೀರನ್ನು ಪೂರ್ತಿ ತಡೆಯುವಂತೆ ರಚಿತವಾದದ್ದೇ ಅಲ್ಲ. ಗಾಜಿಗೂ ಚೌಕಟ್ಟಿಗೂ ನಡುವಿನ ರಬ್ಬರ್ ಪಟ್ಟಿ, ಅಂದರೆ ಗ್ಯಾಸ್ಕೆಟ್, ಬಹುಪಾಲನ್ನು ಹೊರಗಿಡುತ್ತದೆ. ಅದನ್ನು ದಾಟಿ ಒಳಬಂದ ಸ್ವಲ್ಪ ನೀರು ಚೌಕಟ್ಟಿನ ತಳದ ಕಾಲುವೆಗೆ ಇಳಿದು, ಅಲ್ಲಿಂದ ಸೀಳಿನಂಥ ರಂಧ್ರಗಳ ಮೂಲಕ ಹೊರಗೆ ಹರಿದುಹೋಗಬೇಕೆಂದೇ ಯೋಜನೆ. ಆ ರಂಧ್ರಗಳಿಂದಲೇ ಒಳಗೆ ಗಾಳಿಯೂ ಆಡಿ ಅಂಚು ಒಣಗುತ್ತದೆ. ತಾರಸಿಯ ನೀರು ಹೋಗುವ ಕೊಳವೆಗೆ ಎಲೆ ಸಿಕ್ಕಿಕೊಂಡರೆ ತಾರಸಿಯೇ ಕೆರೆಯಾಗಿ ಸೂರು ಸೋರುವುದನ್ನು ಕಂಡವರಿಗೆ ಈ ರಂಧ್ರಗಳ ಮಹತ್ವವನ್ನು ಬೇರೆ ವಿವರಿಸಬೇಕಾಗಿಲ್ಲ. ಈ ಮನೆಯ ಕಿಟಕಿಗಳಲ್ಲಿ ಎರಡು ತಪ್ಪುಗಳು ಒಂದರ ಮೇಲೊಂದು ಕೂಡಿದ್ದವು. ನೀರು ಬರದಿರಲೆಂಬ ಸದುದ್ದೇಶದಿಂದಲೇ ಇರಬೇಕು, ಹೊರಗಿನ ಕೆಳ ಅಂಚಿನುದ್ದಕ್ಕೂ ಸಿಲಿಕೋನ್ ಹಚ್ಚಿದಾಗ ಆ ಸೀಳುಗಳೂ ಮುಚ್ಚಿಹೋಗಿದ್ದವು. ಎರಡನೆಯದು ಇನ್ನೂ ಕೆಟ್ಟದ್ದು: ಯುನಿಟ್ಟನ್ನು ತಳದಿಂದ ಎತ್ತಿಹಿಡಿಯಬೇಕಾದ ಪ್ಯಾಕರ್ ಎಂಬ ಪ್ಲಾಸ್ಟಿಕ್ ತುಂಡುಗಳನ್ನು ಇಟ್ಟಿರಲೇ ಇಲ್ಲ, ಗಾಜು ನೇರವಾಗಿ ಕಾಲುವೆಯಲ್ಲಿಯೇ ಕೂತಿತ್ತು. ಬಂದ ನೀರಿಗೆ ಹೋಗಲು ದಾರಿಯಿಲ್ಲ, ಅಂಚಿಗೆ ನೀರಿನಿಂದ ಬಿಡುಗಡೆಯಿಲ್ಲ. ಸಾಲದ್ದಕ್ಕೆ, ಹಚ್ಚುವಾಗ ವಿನೆಗರ್ ವಾಸನೆ ಬರುವ ಅಗ್ಗದ ಸಿಲಿಕೋನ್ ಒಣಗುವಾಗ ಬಿಡುವ ಆಮ್ಲವು ಯುನಿಟ್ಟಿನ ಅಂಚಿನ ಅಂಟಿಗೂ ಹಾನಿ ಮಾಡಬಲ್ಲದು. ಮೊದಲ ಸಲವೇ ಪಟ್ಟಿ ಬಿಚ್ಚಿದ ಹೊತ್ತಿನಲ್ಲಿ ಯಾರಾದರೂ ಒಂದು ಲೋಟ ನೀರನ್ನು ಆ ಕಾಲುವೆಗೆ ಸುರಿದು ಅದು ಹೊರಗೆ ಬರುತ್ತದೆಯೇ ಎಂದು ನೋಡಿದ್ದರೆ ಒಂದು ನಿಮಿಷದಲ್ಲಿ ಎಲ್ಲವೂ ತಿಳಿಯುತ್ತಿತ್ತು. ಆ ಒಂದು ನಿಮಿಷ ಸಿಗದೆ ಎರಡು ಒಳ್ಳೆಯ ಗಾಜುಗಳು ವ್ಯರ್ಥವಾದದ್ದು ಇಂದಿಗೂ ನೋವಿನ ಸಂಗತಿ.

ಹೀಗೆ ಮಸುಕಾದ ಗಾಜಿಗೆ ಸಣ್ಣ ರಂಧ್ರ ಕೊರೆದು ಒಳಗಿನ ತೇವವನ್ನು ಒಣಗಿಸಿಕೊಡುವ ಸೇವೆಯೂ ಬ್ರಿಟನ್ನಿನಲ್ಲಿ ದೊರೆಯುತ್ತದೆ. ಅದರಿಂದ ನೋಟ ಕೆಲಕಾಲ ತಿಳಿಯಾಗಬಹುದು, ಆದರೆ ಸೋತ ಅಂಚು ಸೋತೇ ಇರುತ್ತದೆ, ಹೋದ ಆರ್ಗಾನ್ ಮರಳುವುದಿಲ್ಲ. ಇಡೀ ಕಿಟಕಿಯನ್ನೇ ಬದಲಿಸಬೇಕೆಂಬ ಮಾರಾಟಗಾರರ ಸಲಹೆಯನ್ನೂ ಒಪ್ಪಬೇಕಾಗಿಲ್ಲ. ಚೌಕಟ್ಟು ನೆಟ್ಟಗಿದ್ದು, ಬಾಗಿಲು ಸರಿಯಾಗಿ ಮುಚ್ಚುತ್ತಿದ್ದರೆ ಯುನಿಟ್ ಒಂದನ್ನೇ ಬದಲಿಸಿದರೆ ಸಾಕು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2002ರ ಏಪ್ರಿಲ್‌ನಿಂದ ಕಿಟಕಿಯನ್ನು ಚೌಕಟ್ಟು ಸಮೇತ ಬದಲಿಸುವುದು ಕಟ್ಟಡ ನಿಯಮಗಳ ವ್ಯಾಪ್ತಿಗೆ ಬಂದು ಪ್ರಮಾಣಪತ್ರ ಬೇಕಾಗುತ್ತದೆ. ಚೌಕಟ್ಟನ್ನು ಉಳಿಸಿ ಗಾಜನ್ನಷ್ಟೇ ಬದಲಿಸುವುದು ದುರಸ್ತಿಯ ಲೆಕ್ಕಕ್ಕೆ ಸೇರುತ್ತದೆ. ಹಾಗೆಂದು ಸುರಕ್ಷತೆಯನ್ನು ಬಿಡುವಂತಿಲ್ಲ. ನೆಲದಿಂದ 800 ಮಿಲಿಮೀಟರ್ ಎತ್ತರದೊಳಗಿನ ಕಿಟಕಿಗಾಜು, ಬಾಗಿಲಿನಲ್ಲಿಯೂ ಅದರ ಅಕ್ಕಪಕ್ಕದ 300 ಮಿಲಿಮೀಟರ್‌ನೊಳಗೂ 1500 ಮಿಲಿಮೀಟರ್ ಎತ್ತರದವರೆಗಿನ ಗಾಜು, ಒಡೆದರೆ ಚೂಪಾದ ಚೂರಾಗದ ಜಾತಿಯದಾಗಿರಬೇಕು. ಸಾಮಾನ್ಯವಾಗಿ ಇದಕ್ಕೆ ಬಳಸುವುದು ಟಫನ್ಡ್ ಗಾಜು. ಕಾಯಿಸಿ ಥಟ್ಟನೆ ತಣಿಸಿ ಬಲಪಡಿಸಿದ ಇದು ಒಡೆದಾಗ ಸಣ್ಣ ಹರಳುಗಳಾಗಿ ಉದುರುತ್ತದೆ, ತಯಾರಾದ ಮೇಲೆ ಇದನ್ನು ಕತ್ತರಿಸಲು ಬರುವುದಿಲ್ಲ.

ಹೀಗಾಗಿ ಅಳತೆಯ ತಪ್ಪಿಗೆ ಕ್ಷಮೆಯಿಲ್ಲ. ಕಿಟಕಿ ಮುಚ್ಚಿರುವಾಗ ಕಣ್ಣಿಗೆ ಕಾಣುವ ಗಾಜಿನ ಅಳತೆ ಯುನಿಟ್ಟಿನ ಅಳತೆಯಲ್ಲ; ಅಂಚು ಸುತ್ತಲೂ ಚೌಕಟ್ಟಿನೊಳಗೆ ಅಡಗಿರುತ್ತದೆ. ಒಂದು ಪಟ್ಟಿಯನ್ನಾದರೂ ಬಿಚ್ಚಿ, ಚೌಕಟ್ಟಿನ ತೋಡಿನ ಒಳ ಅಳತೆಯನ್ನು ಮೂರು ಕಡೆ ತೆಗೆದು, ಅತಿ ಚಿಕ್ಕದನ್ನು ಹಿಡಿದು, ಅಗಲದಲ್ಲೂ ಎತ್ತರದಲ್ಲೂ ಸುಮಾರು 10 ಮಿಲಿಮೀಟರ್ ಕಳೆದು ಬರೆದುಕೊಳ್ಳುವುದು ವಾಡಿಕೆ. ಆ 10ರಲ್ಲಿಯೇ ಪ್ಯಾಕರ್‌ಗಳಿಗೆ ಜಾಗ. ಎರಡನೆಯ ಸಲ ತಾವೇ ಕೆಲಸಕ್ಕಿಳಿದ ಈ ಮನೆಯವರು ದಪ್ಪದ ವಿಷಯದಲ್ಲಿ ಎಡವಿದರು. 4 ಮಿಲಿಮೀಟರ್ ಗಾಜು, 20ರ ಅಂತರ, ಮತ್ತೆ 4ರ ಗಾಜು ಸೇರಿ 28 ಆಗುವ ಯುನಿಟ್ ಇಂದು ಅಲ್ಲಿ ಬಹು ಪ್ರಚಲಿತವಾದ್ದರಿಂದ, ಹಳೆಯದನ್ನು ಅಳೆಯದೆಯೇ 28 ಎಂದು ಬರೆದುಕೊಟ್ಟರು. ಹಳೆಯ ಚೌಕಟ್ಟಿನಲ್ಲಿದ್ದದ್ದು 24. ಬಂದ ಗಾಜು ಅಗಲ ಎತ್ತರಗಳಲ್ಲಿ ಕರಾರುವಾಕ್ಕಾಗಿದ್ದರೂ ಅದರ ಮುಂದೆ ಪಟ್ಟಿ ಕೂರಲಿಲ್ಲ, ಆ ಯುನಿಟ್ ಬೇರೆಲ್ಲಿಯೂ ಉಪಯೋಗಕ್ಕೆ ಬರಲಿಲ್ಲ.

ಗಾಜನ್ನು ಚೌಕಟ್ಟಿನಲ್ಲಿ ಹಿಡಿದಿಡುವ ಪಟ್ಟಿಗೆ ನಮ್ಮ ಬಡಗಿಗಳಂತೆ ಅಲ್ಲಿಯೂ ಬೀಡಿಂಗ್ ಎಂದೇ ಹೆಸರು. ಅದನ್ನು ಉದ್ದದ ಪಟ್ಟಿಯ ನಡುಮಧ್ಯದಿಂದ, ಅಗಲ ಬಾಯಿಯ ಪುಟ್ಟಿ ಚಾಕುವನ್ನು ತೂರಿಸಿ ಎಬ್ಬಿಸಲು ಆರಂಭಿಸಬೇಕು; ಮೂಲೆಯಿಂದ ಶುರುಮಾಡಿದರೆ ತುದಿ ಮುರಿಯುತ್ತದೆ. ಹಳೆಯ ಪ್ಲಾಸ್ಟಿಕ್ ಚಳಿಯಲ್ಲಿ ಹಪ್ಪಳದಂತೆ ಪೆಳಸಾಗಿರುವುದರಿಂದ ಈ ಕೆಲಸಕ್ಕೆ ಬೇಸಿಗೆಯ ದಿನವೇ ಲೇಸು. ಬಿಚ್ಚಿದ ಪ್ರತಿ ಪಟ್ಟಿಯ ಹಿಂಬದಿಗೆ ಯಾವ ಬದಿಯದೆಂದು ಬರೆದಿಟ್ಟರೆ ಮರಳಿ ಕೂರಿಸುವಾಗ ಗೊಂದಲವಿಲ್ಲ. ಕೂರಿಸುವಾಗ ಚಿಕ್ಕವು ಮೊದಲು, ಉದ್ದವು ಕೊನೆಗೆ. ಗಾಜಿನ ತೂಕವನ್ನು ಜನ ಕಡಿಮೆ ಅಂದಾಜಿಸುತ್ತಾರೆ. ಒಂದು ಚದರ ಮೀಟರಿನ ಒಂದು ಮಿಲಿಮೀಟರ್ ದಪ್ಪಕ್ಕೆ ಎರಡೂವರೆ ಕಿಲೊ ಎಂಬ ಲೆಕ್ಕದಲ್ಲಿ, ತಲಾ 4 ಮಿಲಿಮೀಟರಿನ ಎರಡು ಗಾಜುಗಳುಳ್ಳ ಒಂದು ಚದರ ಮೀಟರ್ ಯುನಿಟ್ 20 ಕಿಲೊ ತೂಗುತ್ತದೆ. ಇಬ್ಬರಿಲ್ಲದೆ, ದಪ್ಪ ಕೈಗವಸಿಲ್ಲದೆ ಅದನ್ನು ಮುಟ್ಟಬಾರದು. ಮಹಡಿಯ, ಬಾಗಿಲಿನಂತೆ ತೆರೆಯುವ ಕಿಟಕಿಗಳ ಕೆಲಸವನ್ನು ಈ ಮನೆಯವರು ತಾವಾಗಿ ಮಾಡಲಿಲ್ಲ.

ಪ್ಯಾಕರ್‌ಗಳ ಜಾಗ ಕಿಟಕಿಯ ಜಾತಿಯನ್ನು ಅವಲಂಬಿಸುತ್ತದೆ. ತೆರೆಯದ ಕಿಟಕಿಯಲ್ಲಿ ತಳದ ಉದ್ದದ ಎರಡೂ ಕಾಲುಭಾಗಗಳಲ್ಲಿ ಒಂದೊಂದು ಇಟ್ಟರೆ ಭಾರ ಸಮವಾಗಿ ಕೂರುತ್ತದೆ, ಅವು ನೀರಿನ ರಂಧ್ರದ ಬಾಯಿಗೆ ಅಡ್ಡ ಬರಬಾರದು. ಪಕ್ಕದಲ್ಲಿ ಕೀಲಿರುವ, ಬಾಗಿಲಿನಂತೆ ತೆರೆಯುವ ಕಿಟಕಿಯಲ್ಲಿ ಮಾತ್ರ ಗಾಜೇ ಚೌಕಟ್ಟನ್ನು ಎತ್ತಿಹಿಡಿಯುತ್ತದೆ: ಕೀಲಿನ ಬದಿಯ ಕೆಳಮೂಲೆಯಲ್ಲೊಂದು, ಅದಕ್ಕೆ ಕರ್ಣವಾಗಿ ಹಿಡಿಕೆಯ ಬದಿಯ ಮೇಲ್ಮೂಲೆಯಲ್ಲೊಂದು ಪ್ಯಾಕರ್ ಬಿಗಿದಾಗ, ಗಾಜು ಓರೆಯ ಆಸರೆಗಂಬದಂತೆ ನಿಂತು ಬಾಗಿಲು ಜೋಲುವುದನ್ನು ತಡೆಯುತ್ತದೆ. ವರ್ಷಗಳಿಂದ ಕೆಳಗೆ ಉಜ್ಜುತ್ತಿದ್ದ ಅಡುಗೆಮನೆಯ ಕಿಟಕಿ ಈ ಎರಡು ತುಂಡುಗಳಿಂದ ನೆಟ್ಟಗಾಯಿತು.

ಕೊನೆಯ ಪರೀಕ್ಷೆ ಬೆಂಕಿಯದು. ಮಸುಕುಗತ್ತಲಿನಲ್ಲಿ ಗಾಜಿನ ಮುಂದೆ ಹಚ್ಚಿದ ಮೇಣದಬತ್ತಿ ಹಿಡಿದರೆ, ಎರಡು ಗಾಜುಗಳ ನಾಲ್ಕು ಮೈಗಳಲ್ಲಿ ನಾಲ್ಕು ಪ್ರತಿಬಿಂಬಗಳು ಕಾಣುತ್ತವೆ. ಶಾಖವನ್ನು ಮರಳಿಸುವ ಲೋಹದ ಲೇಪವಿರುವ ಮೈಯ ಬಿಂಬದ ಬಣ್ಣ ಮಾತ್ರ ಉಳಿದವಕ್ಕಿಂತ ಬೇರೆ. ಅಲ್ಲಿನ ರೂಢಿಯಂತೆ ಲೇಪವು ಒಳಗಾಜಿನ, ನಡುವಿನ ಅಂತರದ ಕಡೆಯ ಮೈಯಲ್ಲಿರುತ್ತದೆ, ಹೊರಗಿನಿಂದ ಎಣಿಸಿದರೆ ಮೂರನೆಯದು. ಹೊಸ ಯುನಿಟ್ಟುಗಳಲ್ಲಿ ಮೂರನೆಯ ಬಿಂಬ ಬಣ್ಣ ತಿರುಗಿತ್ತು. ಪಕ್ಕದ ಹಳೆಯ ಗಾಜಿನಲ್ಲಿ ನಾಲ್ಕೂ ಒಂದೇ ಬಣ್ಣ. ಅದರಲ್ಲಿ ಲೇಪವಿಲ್ಲ, ಆದರೂ ತಿಳಿಯಾಗಿದೆ, ಆದ್ದರಿಂದ ಅದನ್ನು ಉಳಿಸಿಕೊಳ್ಳಲಾಗಿದೆ. ಅದರ ಚೌಕಟ್ಟಿನ ತಳದ ಎರಡು ಸೀಳುಗಳನ್ನೂ, ಹೊಸದರ ನಾಲ್ಕನ್ನೂ ಪ್ರತಿ ಅಕ್ಟೋಬರಿನಲ್ಲಿ, ಎಲೆ ಉದುರುವ ಹೊತ್ತಿಗೆ, ತೆಳುವಾದ ಕಡ್ಡಿಯಿಂದ ಬಿಡಿಸಲಾಗುತ್ತದೆ.