ಬಂಗಾರವೂ ಭಂಗಾರವೂ: ಪೂಜೆಯ ಲೋಹಗಳು

ಮಹಾನವಮಿ ಸಮೀಪಿಸಿತೆಂದರೆ ಕುರ್ಲಾದ ಕನ್ನಡಿಗರ ಮನೆಗಳಲ್ಲಿ ದೇವರ ಪಾತ್ರೆಗಳನ್ನು ಹುಣಿಸೆಹಣ್ಣು ಹಾಕಿ ಬೆಳಗುವ ಸಂಭ್ರಮ. ಅದೇ ಹೊತ್ತಿಗೆ ಅಟ್ಟದಿಂದಿಳಿದ ಹಳೆಯ ದೀಪ, ಬಿರಿದ ಗಂಟೆ, ಸೊಟ್ಟಗಾದ ತಂಬಿಗೆಗಳು ಗುಜರಿಯವನ ತಕ್ಕಡಿಯನ್ನೇರುವುದೂ ಉಂಟು. ಹಳೆಯ ಲೋಹದ ವ್ಯಾಪಾರಕ್ಕೆ ಹೆಸರಾದ ಈ ಉಪನಗರದಲ್ಲಿ ಅಂತಹ ಸಾಮಾನಿಗೆ 'ಭಂಗಾರ್' ಎನ್ನುತ್ತಾರೆ. ಕನ್ನಡದ ಕಿವಿಗೆ ಅದು 'ಬಂಗಾರ'ವೆಂದೇ ಕೇಳಿಸುತ್ತದೆ. ಯಾವುದು ಬಂಗಾರ, ಯಾವುದು ಭಂಗಾರ ಎಂಬುದನ್ನು ನಿರ್ಣಯಿಸುವ ಮೊದಲು ಲೋಹದ ಗುಣವನ್ನು ಅರಿಯುವುದು ಲೇಸು.

ಪೂಜಾಸಾಮಗ್ರಿಗಳಲ್ಲಿ ಅನೇಕವು ಮಿಶ್ರಲೋಹದವು. ತಾಮ್ರಕ್ಕೆ ಸತು ಬೆರೆತರೆ ಹಿತ್ತಾಳೆ. ಸಾಮಾನ್ಯವಾಗಿ ಸುಮಾರು ಎರಡು ಪಾಲು ತಾಮ್ರಕ್ಕೆ ಒಂದು ಪಾಲು ಸತು. ತಾಮ್ರಕ್ಕೆ ತವರ ಬೆರೆತರೆ ಕಂಚು. ತವರವು ನೂರಕ್ಕೆ 10ರಷ್ಟಿದ್ದರೆ ಸಾಧಾರಣ ಕಂಚು. 20ರಿಂದ 22ಕ್ಕೇರಿದರೆ ಗಂಟೆಯ ಕಂಚು. ತಾಮ್ರವೂ ಮೃದು, ತವರವೂ ಮೃದು. ಕೂಡಿದಾಗ ಎರಡರಲ್ಲಿಯೂ ಇಲ್ಲದ ಕಾಠಿಣ್ಯವೂ ನಾದವೂ ಹುಟ್ಟುತ್ತವೆ. ಆದರೆ ಕೈಜಾರಿ ಬಿದ್ದಾಗ ಹಿತ್ತಾಳೆ ತಗ್ಗಾದೀತು, ಗಂಟೆಯ ಕಂಚು ಬಿರಿದೀತು.

ಪಂಚಲೋಹದಲ್ಲಿ ಬಂಗಾರ, ಬೆಳ್ಳಿ, ತಾಮ್ರಗಳೊಡನೆ ಇನ್ನೆರಡು ಲೋಹಗಳು ಸೇರುತ್ತವೆ. ಅವು ಸತು, ತವರ, ಸೀಸ, ಕಬ್ಬಿಣಗಳಲ್ಲಿ ಯಾವುವೆಂಬುದು ಸಂಪ್ರದಾಯದಿಂದ ಸಂಪ್ರದಾಯಕ್ಕೆ ಬೇರೆ. ಹೆಚ್ಚಿನ ಪಾಲು ತಾಮ್ರದ್ದೇ. ಬಂಗಾರ ಬೆಳ್ಳಿಗಳು ಅಲ್ಪಮಾತ್ರ. ಇಂತಹ ವಿಗ್ರಹಗಳನ್ನು ಎರಕ ಹೊಯ್ಯುವ ಮೇಣದ ಅಚ್ಚಿನ ವಿಧಾನವನ್ನು, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿಯೇ ತನ್ನ 'ಮಾನಸೋಲ್ಲಾಸ'ದಲ್ಲಿ ವಿವರಿಸಿದ್ದಾನೆ. ಮೇಣದ ಮೂರ್ತಿಯನ್ನು ತೂಗಿ, ಅದರಿಂದ ಬೇಕಾದ ಲೋಹದ ತೂಕವನ್ನು ಲೆಕ್ಕಹಾಕುವ ಕ್ರಮವೂ ಅಲ್ಲಿದೆ.

ಲೋಹದ ಗುಣವನ್ನು ಮರೆತರೆ ಅಪಾಯವೂ ಉಂಟು. ಮೊಸರು ಬೆರೆತ ಪಂಚಾಮೃತವನ್ನು ತಾಮ್ರ, ಹಿತ್ತಾಳೆಗಳ ಬರಿಯ ಪಾತ್ರೆಯಲ್ಲಿ ಬಹುಹೊತ್ತು ಇರಿಸಬಾರದು. ಹುಳಿಯು ತಾಮ್ರವನ್ನು ಕರಗಿಸಿ ಪ್ರಸಾದವನ್ನು ಕೆಡಿಸುತ್ತದೆ. ಹಿರಿಯರು ಪಾತ್ರೆಗಳಿಗೆ ಕಲಾಯಿ ಹಾಕಿಸುತ್ತಿದ್ದುದು ಇದಕ್ಕಾಗಿಯೇ. ಕಲಾಯಿಯು ಶುದ್ಧ ತವರದ್ದಾಗಿರಬೇಕು. ಸೀಸ ಬೆರೆತರೆ ಅದು ವಿಷ. ತವರವು 232 ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಕರಗುವುದರಿಂದ ಕಲಾಯಿಯ ಪಾತ್ರೆಯನ್ನು ಬರಿದಾಗಿ ಒಲೆಯ ಮೇಲಿಡಲಾಗದು.

ಇನ್ನು ತಕ್ಕಡಿಯ ಮಾತು. ಅಯಸ್ಕಾಂತಕ್ಕೆ ಅಂಟಿದ 'ಹಿತ್ತಾಳೆ'ಯ ಒಳಗೆ ಕಬ್ಬಿಣವಿದ್ದೀತು. ಬಡಿದಾಗ ದೀರ್ಘವಾಗಿ ಅನುರಣಿಸುವ ಹಳೆಯ ತಟ್ಟೆ ಒಳ್ಳೆಯ ಕಂಚಿನದಿರಬಹುದು. ಬಿರಿದ ಗಂಟೆಯನ್ನೂ ಬಿಸಾಡಬೇಕಿಲ್ಲ. ಬಲ್ಲ ಎರಕದವನು ಕರಗಿಸಿ ಹೊಯ್ದರೆ ಅದು ಮತ್ತೆ ನುಡಿದೀತು.

ಲೋಹಕ್ಕೆ ಮರುಹುಟ್ಟು ಉಂಟು. ಆದರೆ ತಂಬಿಗೆಯ ಕಂಠದಲ್ಲಿ ಕೊರೆಯಿಸಿದ ಅಜ್ಜಿಯ ಹೆಸರಿಗೆ ಅದಿಲ್ಲ. ಮೂಸೆಯಲ್ಲಿ ಮೊದಲು ಅಳಿಯುವುದು ಆ ಹೆಸರೇ. ಈ ನವಮಿಯಂದು ಪಾತ್ರೆಯನ್ನು ಬೆಳಗುವ ಕೈ ಆ ಅಕ್ಷರಗಳ ಮೇಲೆ ಒಂದು ಕ್ಷಣ ನಿಲ್ಲಲಿ. ಬಂಗಾರ ಯಾವುದೆಂಬುದು ಆಗ ತಾನಾಗಿಯೇ ತಿಳಿದೀತು.