ವ್ಯಾನಿನ ‘ಟಪ್ ಟಪ್’ ಎಣಿಸಿದರೆ ಏನು ಸಿಗುತ್ತೆ?

ನಮ್ಮ ಕಾಲೇಜಿಗೆ ದಿನಾ ಬರುವ ವ್ಯಾನೊಂದು ಹೋದ ಸೆಮಿಸ್ಟರ್‌ನಲ್ಲಿ ಸದ್ದು ಮಾಡೋಕೆ ಶುರು ಮಾಡಿತು. ನಾಲ್ಕು ಸಿಲಿಂಡರ್, ಟರ್ಬೊ ಡೀಸೆಲ್. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ‘ಟಪ್ ಟಪ್ ಟಪ್’. ಶಿರಾಡಿ ಘಾಟಿ ಹತ್ತಿಸಿದರೆ ಅದೇ ಸದ್ದು ಜೋರಾಗಿ, ಜೊತೆಗೆ ಪಿಕಪ್ ಇಲ್ಲ, ಹಿಂದೆ ಕಪ್ಪು ಹೊಗೆ. ಗ್ಯಾರೇಜಿನಲ್ಲಿ ‘ಟರ್ಬೊ ಹೋಗಿದೆ, ಬದಲಾಯಿಸಬೇಕು’ ಅಂದರಂತೆ. ವ್ಯಾನಿನ ಅಣ್ಣನಿಗೆ ಇನ್ನೂ ಸಾಲದ ಕಂತು ಮುಗಿದಿಲ್ಲ. “ನೀವು ಮೆಕ್ಯಾನಿಕಲ್ ಓದೋ ಹುಡುಗ್ರಲ್ವಾ, ಒಂದ್ಸಲ ನೋಡ್ರಪ್ಪಾ” ಅಂದರು. ಓದೋದು ಬೇರೆ, ನೋಡೋದು ಬೇರೆ ಅಂತ ಆಮೇಲೆ ಗೊತ್ತಾಯಿತು. ಆ ಒಂದು ವಾರದಲ್ಲಿ ನಾವು ಕಲಿತದ್ದು ಇಲ್ಲಿದೆ.

ಮೊದಲ ಪಾಠ: ಸದ್ದು ಯಾವಾಗ ಬರುತ್ತೆ?

ಮೊದಲ ದಿನ ಮಧ್ಯಾಹ್ನ ಬಾನೆಟ್ ಎತ್ತಿ ಕಿವಿ ಕೊಟ್ಟೆವು. ಸದ್ದೇ ಇಲ್ಲ! ಅಣ್ಣ ನಗುತ್ತಾ, “ಗ್ಯಾರೇಜಿಗೆ ಹೋದಾಗಲೂ ಹಿಂಗೇ ಸುಮ್ಮನಾಗ್ಬಿಡುತ್ತೆ” ಅಂದರು. ನಿಜವಾದ ಸುಳಿವು ಅಲ್ಲೇ ಇತ್ತು. ಗ್ಯಾರೇಜಿಗೆ ಗಾಡಿ ಓಡಿಸಿಕೊಂಡೇ ಹೋಗಬೇಕು, ಅಷ್ಟರಲ್ಲಿ ಇಂಜಿನ್ ಬಿಸಿಯಾಗಿರುತ್ತೆ. ಹಾಗಾಗಿ ಅಲ್ಲಿಯವರು ಸದ್ದು ಕೇಳಲೇ ಇಲ್ಲ. ಪಿಕಪ್ ಇಲ್ಲ, ಹೊಗೆ ಇದೆ ಅನ್ನುವ ಮಾತಿನ ಮೇಲೆ ಟರ್ಬೊ ಹೆಸರು ಹೇಳಿದರು.

ತಣ್ಣಗಿದ್ದಾಗ ಜೋರು, ಬಿಸಿಯಾದಾಗ ಮಾಯ, ಲೋಡ್ ಬಿದ್ದಾಗ ಮತ್ತೆ ಹಾಜರ್. ಇದು ಸಂದಿನಿಂದ ಗ್ಯಾಸ್ ಸೋರುವ ಲಕ್ಷಣ. ಬಿಸಿಗೆ ಲೋಹ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತೆ. ಘಾಟಿಯಲ್ಲಿ ಟರ್ಬೊಗಿಂತ ಮೊದಲಿನ ಪೈಪಿನಲ್ಲಿ ಒತ್ತಡ ಏರಿದಾಗ ಅದೇ ಸಂದಿನಿಂದ ಮತ್ತೆ ನುಗ್ಗುತ್ತೆ. ಮರುದಿನ ಬೆಳಿಗ್ಗೆ ಆರಕ್ಕೇ, ಇಂಜಿನ್ ತಣ್ಣಗಿರುವಾಗ ಅಣ್ಣನ ಮನೆ ಮುಂದೆ ನಿಂತೆವು.

ಎರಡನೇ ಪಾಠ: ಎಣಿಸಿ

ಫೋರ್ ಸ್ಟ್ರೋಕ್ ಇಂಜಿನ್‌ನಲ್ಲಿ ಒಂದು ಸಿಲಿಂಡರ್ ಎರಡು ಸುತ್ತಿಗೆ ಒಮ್ಮೆ ಹೊಗೆ ಬಿಡುತ್ತೆ. ಮೊದಲ ವರ್ಷವೇ ಓದಿದ್ದು, ಆದರೆ ಯಾರೂ ಇದನ್ನ ಕಿವಿಗೆ ಕಟ್ಟಿಕೊಂಡಿರಲಿಲ್ಲ. ಐಡಲ್‌ನಲ್ಲಿ ವೇಗ ನಿಮಿಷಕ್ಕೆ 800 ಸುತ್ತು ಅಂದುಕೊಳ್ಳಿ. 3 ಸೆಕೆಂಡಿಗೆ 40 ಸುತ್ತು. ಹಾಗಾದರೆ:

ಒಂದೇ ಸಿಲಿಂಡರಿನ ಸದ್ದಾದರೆ 3 ಸೆಕೆಂಡಿಗೆ 20 ಬಡಿತ.
ನಾಲ್ಕೂ ಸಿಲಿಂಡರಿನ ಹೊಗೆ ಒಟ್ಟಾಗಿ ಸೇರಿದ ಮೇಲಿನ ಪೈಪಿನಲ್ಲಿ ಸೋರಿಕೆಯಾದರೆ 80 ಬಡಿತ.
ಟರ್ಬೊ ಶಾಫ್ಟಿನ ಸದ್ದಾದರೆ ಎಣಿಸೋ ಮಾತೇ ಇಲ್ಲ. ಲೋಡ್‌ನಲ್ಲಿ ಅದು ನಿಮಿಷಕ್ಕೆ ಲಕ್ಷಕ್ಕೂ ಮೀರಿ ತಿರುಗುತ್ತೆ. 1,20,000 ಅಂದರೆ ಸೆಕೆಂಡಿಗೆ 2,000 ಸುತ್ತು. ಕೇಳೋದು ಸಿಳ್ಳೆ ಅಥವಾ ಕೀರಲು, ‘ಟಪ್ ಟಪ್’ ಅಲ್ಲ.

ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಸೌಂಡ್ ಎಡಿಟ್ ಮಾಡೋ ಆ್ಯಪ್‌ನಲ್ಲಿ 3 ಸೆಕೆಂಡಿನ ತುಂಡು ಹಿಗ್ಗಿಸಿ ನೋಡಿದೆವು. ದೊಡ್ಡ ಏರುಗಳನ್ನ ಬೆರಳಿಟ್ಟು ಎಣಿಸಿದರೆ ಸರಿಯಾಗಿ 20. ಅಂದರೆ ದೋಷ ಯಾವುದೋ ಒಂದೇ ಸಿಲಿಂಡರಿನ ಹತ್ತಿರ. ಟರ್ಬೊ ಮೇಲಿನ ಅನುಮಾನ ಅಲ್ಲೇ ಅರ್ಧ ಇಳಿಯಿತು.

ಇನ್ನರ್ಧ ಇಳಿಸೋಕೆ, ಇಂಜಿನ್ ಆಫ್ ಮಾಡಿ, ತಣ್ಣಗಿರುವಾಗ ಟರ್ಬೊಗೆ ಗಾಳಿ ಬರುವ ಪೈಪ್ ಬಿಚ್ಚಿ ಚಕ್ರವನ್ನ ಬೆರಳಿನಲ್ಲಿ ತಿರುಗಿಸಿದೆವು. ಎಲ್ಲೂ ಉಜ್ಜಲಿಲ್ಲ, ಆಯಿಲ್ ಹರಿದಿರಲಿಲ್ಲ. ಅಕ್ಕಪಕ್ಕಕ್ಕೆ ಚೂರು ಅಲ್ಲಾಡಿತು. ಗಾಬರಿ ಬೇಡ, ಬೇರಿಂಗಿನಲ್ಲಿ ಆಯಿಲ್ ಪದರಕ್ಕೆ ಜಾಗ ಬೇಕು. ಒಳಗೆ-ಹೊರಗೆ ಎಳೆದಾಡಿದಾಗ ಕೈಗೆ ಗೊತ್ತಾಗುವಷ್ಟು ಆಟ ಇದ್ದರೆ ಆಗ ಚಿಂತೆ.

ಮೂರನೇ ಪಾಠ: ಒಂದೇ ಲೆಕ್ಕಕ್ಕೆ ಮೂರು ಆರೋಪಿಗಳು

ಇಲ್ಲಿ ನಾವು ಎಡವಿದೆವು. 20 ಬಂತಲ್ಲ, ‘ಇಂಜೆಕ್ಟರ್ ವಾಷರ್ ಹೋಗಿದೆ’ ಅಂತ ಘೋಷಿಸಿಯೇ ಬಿಟ್ಟೆವು. ಇಂಜೆಕ್ಟರ್ ಕೆಳಗಿನ ತಾಮ್ರದ ವಾಷರ್ ಸೋರಿದರೂ ಇದೇ ತಾಳ. ಆದರೆ ಟ್ಯಾಪೆಟ್ ಸಡಿಲವಾದರೂ ಅದೇ ತಾಳ, ಯಾಕೆಂದರೆ ಕ್ಯಾಮ್‌ಶಾಫ್ಟ್ ತಿರುಗೋದೂ ಕ್ರ್ಯಾಂಕಿನ ಅರ್ಧ ವೇಗದಲ್ಲೇ. ಮ್ಯಾನಿಫೋಲ್ಡಿನ ಒಂದು ಬಾಯಿ ಸೋರಿದರೂ ಅಷ್ಟೇ. ಎಣಿಕೆ ಊರು ತೋರಿಸುತ್ತೆ, ಮನೆ ತೋರಿಸಲ್ಲ.

ಮನೆ ಹುಡುಕೋಕೆ ನಮ್ಮ ಹತ್ತಿರ ಇದ್ದದ್ದು ಮೂರು ಸಾಮಾನು: ಸೋಪಿನ ನೀರು, ಒಂದು ಮೀಟರ್ ರಬ್ಬರ್ ಪೈಪು, ಟಾರ್ಚು.

ಇಂಜೆಕ್ಟರ್ ಬುಡಕ್ಕೆ ಸೋಪಿನ ನೀರು ಹಾಕಿ ಸ್ಟಾರ್ಟ್ ಮಾಡಿದೆವು. ಗುಳ್ಳೆ ಏಳಲಿಲ್ಲ, ಸುತ್ತ ಟಾರಿನಂಥ ಕಪ್ಪು ಅಂಟೂ ಇರಲಿಲ್ಲ. ನಮ್ಮ ಘೋಷಣೆ ಅಲ್ಲಿಗೇ ಠುಸ್. ಆಮೇಲೆ ಪೈಪಿನ ಒಂದು ತುದಿ ಕಿವಿಯ ಹತ್ತಿರ, ಇನ್ನೊಂದು ತುದಿ ಇಂಜಿನ್ ಸುತ್ತ. ವಾಲ್ವ್ ಕವರ್ ಮೇಲೆ ಮಾಮೂಲಿ ಸದ್ದು. ನಾಲ್ಕನೇ ಸಿಲಿಂಡರಿನ ಹೊಗೆ ಬಾಯಿಯ ಹತ್ತಿರ ಹೋದಾಗ, ಕಿವಿಯೊಳಗೆ ಯಾರೋ ಊದಿದ ಹಾಗೆ ‘ಫಟ್ ಫಟ್’. ಇಂಜಿನ್ ಆಫ್ ಮಾಡಿ, ಮೇಲಿನ ತಗಡಿನ ಹೀಟ್ ಶೀಲ್ಡ್ ಬಿಚ್ಚಿ ಟಾರ್ಚ್ ಹಿಡಿದರೆ, ಗ್ಯಾಸ್ಕೆಟ್ ಅಂಚಿನಿಂದ ಬೀಸಣಿಗೆಯಂತೆ ಹರಡಿದ ಮಸಿ. ಪಕ್ಕದಲ್ಲಿ ಇರಬೇಕಾದ ಸ್ಟಡ್ಡಿನ ತಲೆಯೇ ಇಲ್ಲ.

ಟರ್ಬೊಗೆ ಹೋಗಬೇಕಾದ ಗ್ಯಾಸ್ ಮಧ್ಯದಲ್ಲೇ ಸೋರಿದರೆ ಟರ್ಬೊಗೆ ಸಿಗೋ ಶಕ್ತಿ ಕಡಿಮೆ. ಆಗ ಇಂಜಿನ್ನಿಗೆ ಗಾಳಿ ಕಡಿಮೆ, ಪಿಕಪ್ ಕಡಿಮೆ, ಹೊಗೆ ಕಪ್ಪು. ಟರ್ಬೊ ಕಳ್ಳ ಅಲ್ಲ, ಕಳವಾದದ್ದು ಅದರದ್ದೇ ಮಾಲು. ಇದೇ ಸೋರಿಕೆ ಟರ್ಬೊ ದಾಟಿದ ಮೇಲೆ, ಸೈಲೆನ್ಸರ್ ಕಡೆ ಇದ್ದಿದ್ದರೆ ಗದ್ದಲ ಇರುತ್ತಿತ್ತು, ಆದರೆ ಪಿಕಪ್ ಹೀಗೆ ಬೀಳುತ್ತಿರಲಿಲ್ಲ.

ಸ್ಟಡ್ ಯಾಕೆ ತುಂಡಾಯಿತು?

ಕ್ಲಾಸಿನಲ್ಲಿ ಬೇಸರದಿಂದ ಬರೆದುಕೊಂಡ ಸೂತ್ರ ಇಲ್ಲಿ ಕೆಲಸಕ್ಕೆ ಬಂತು. ಎರಕದ ಕಬ್ಬಿಣದ ಹಿಗ್ಗುವಿಕೆ ಡಿಗ್ರಿಗೆ ಸುಮಾರು ಹತ್ತು ಲಕ್ಷದಲ್ಲಿ 11 ಪಾಲು. 40 ಸೆಂ.ಮೀ. ಉದ್ದದ ಮ್ಯಾನಿಫೋಲ್ಡ್ 400 ಡಿಗ್ರಿ ಬಿಸಿಯೇರಿದರೆ ಸುಮಾರು 1.8 ಮಿ.ಮೀ. ಉದ್ದವಾಗುತ್ತೆ. ಅಲ್ಯೂಮಿನಿಯಂ ಹೆಡ್ಡಿನ ಪಾಲು 23 ಆದರೂ ನೀರು ಅದನ್ನ ತಂಪಾಗಿ ಇಡೋದರಿಂದ 70 ಡಿಗ್ರಿ ಏರಿಕೆಗೆ ಅದು ಹಿಗ್ಗೋದು ಸುಮಾರು 0.6 ಮಿ.ಮೀ. ಮಾತ್ರ. ಮಿಕ್ಕಿದ ಎಳೆದಾಟ ತುದಿಯ ಸ್ಟಡ್‌ಗಳ ಮೇಲೆ, ದಿನಕ್ಕೆ ಹಲವು ಸಲ, ವರ್ಷಗಟ್ಟಲೆ. ಹಾಗಾಗಿಯೇ ತುಂಡಾಗೋದು ಹೆಚ್ಚಾಗಿ ತುದಿಯದ್ದು.

ಗ್ಯಾರೇಜಿನವರಿಗೆ ಮಸಿಯ ಫೋಟೋ ತೋರಿಸಿದೆವು. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಮುರಿದ ತುಂಡಿಗೆ ನಟ್ ವೆಲ್ಡ್ ಮಾಡಿ ಸಲೀಸಾಗಿ ತೆಗೆದರು. ಅದು ನಮ್ಮ ಕೈಲಿ ಆಗುವ ಕೆಲಸವೇ ಅಲ್ಲ. ಹೊಸ ಗ್ಯಾಸ್ಕೆಟ್ ಹಾಕಿ ಬಿಗಿಯುವ ಮೊದಲು, ನೇರ ಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿದಾಗ ಮ್ಯಾನಿಫೋಲ್ಡೇ ಸೊಟ್ಟಗಾಗಿದ್ದು ಗೊತ್ತಾಯಿತು. ಮುಖ ಮಟ್ಟ ಮಾಡಿಸದೆ ಜೋಡಿಸಿದ್ದರೆ ಆರು ತಿಂಗಳಲ್ಲಿ ಮತ್ತೆ ‘ಟಪ್ ಟಪ್’. ಒಟ್ಟು ಖರ್ಚು ಟರ್ಬೊ ಬೆಲೆಯ ಹತ್ತಿರಕ್ಕೂ ಬರಲಿಲ್ಲ.

ನೀವೂ ಮಾಡೋದಾದರೆ

ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಬೇಡಿ. ಪೈಪು, ತೋಳು, ದುಪಟ್ಟಾ, ಐಡಿ ಕಾರ್ಡಿನ ದಾರ, ಯಾವುದೂ ಫ್ಯಾನ್ ಮತ್ತು ಬೆಲ್ಟ್ ಹತ್ತಿರ ಸುಳಿಯಬಾರದು. ಬಿಸಿ ಮ್ಯಾನಿಫೋಲ್ಡ್ ಮೇಲೆ ನೀರು ಚಿಮುಕಿಸಬೇಡಿ, ಎರಕದ ಕಬ್ಬಿಣ ಬಿರುಕು ಬಿಡಬಹುದು. ಇಂಜಿನ್ ಓಡುವಾಗ ಇಂಜೆಕ್ಟರ್ ವೈರ್ ಕೀಳಬೇಡಿ. ಅಲ್ಲಿನ ವೋಲ್ಟೇಜ್, ಡೀಸೆಲ್ ಒತ್ತಡ ಎರಡೂ ಅಪಾಯ.

ಇನ್ನೊಂದು ಮಾತು. ಸದ್ದನ್ನ ಸಹಿಸಿಕೊಳ್ಳಬಹುದು, ಹೊಗೆಯನ್ನ ಸಹಿಸಿಕೊಳ್ಳಬಾರದು. ಈ ವ್ಯಾನಿನಲ್ಲಿ ಇಂಜಿನ್ ಇರೋದು ಮುಂದಿನ ಸೀಟಿನ ಬುಡದಲ್ಲೇ, ಸೋರಿದ ಗ್ಯಾಸ್ ಒಳಗೇ ಬರುತ್ತಿತ್ತು. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2012ರಲ್ಲೇ ಹೇಳಿದೆ. ಮುಂದಿನ ಸೀಟಿನ ಹುಡುಗಿ ತಿಂಗಳಿಂದ ‘ತಲೆನೋವು, ವಾಸನೆ’ ಅಂತಿದ್ದಳು. ಬಸ್ ಸಿಕ್‌ನೆಸ್ ಅಂತ ನಾವೆಲ್ಲ ನಕ್ಕಿದ್ದೆವು. ರಿಪೇರಿ ಆದ ಮೇಲೆ ಅವಳು ಆ ಮಾತು ಎತ್ತಿಲ್ಲ. ನಮ್ಮ ಮೊಬೈಲ್ ರೆಕಾರ್ಡಿಂಗ್‌ಗಿಂತ ಒಂದು ತಿಂಗಳು ಮೊದಲೇ ಸೋರಿಕೆ ಪತ್ತೆ ಮಾಡಿದ್ದವಳು ಅವಳೇ. ಕೇಳಿಸಿಕೊಳ್ಳಬೇಕಾದದ್ದು ಇಂಜಿನ್ ಒಂದನ್ನೇ ಅಲ್ಲ.